ಬಕ್-ಬೂಸ್ಟ್‌ಗೆ ಶಂಟ್ ರೆಸಿಸ್ಟರ್: ಮೂರು ತರಹದ್ದು ಹಾಕಿ ನೋಡಿದ ಮೇಲೆ ವಿಶೇ ಡಬ್ಲ್ಯೂಎಸ್ಎಲ್2512 ಬಗ್ಗೆ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ರಾತ್ರಿ ಹೊತ್ತು ಡಿವಿಆರ್ (ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆ) ತಾನಾಗಿಯೇ ಆಫ್ ಆಗಿ ಆನ್ ಆಗುತ್ತಿತ್ತು. ಹಗಲಲ್ಲಿ ಏನೂ ತೊಂದರೆ ಇಲ್ಲ. ಕರೆಂಟ್ ಇದ್ದಾಗಲೂ ಸರಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ನಾಲ್ಕೈದು ಗಂಟೆ ಆದ ಮೇಲೆ, ಬ್ಯಾಟರಿ ಇಳಿಯುತ್ತಾ ಬಂದಾಗ, ಕ್ಯಾಮೆರಾಗಳಿಗೆ ಕತ್ತಲಲ್ಲಿ ಕಾಣಲು ಇರುವ ಐಆರ್ ಲೈಟ್ ಹತ್ತಿಕೊಂಡಿರುವ ಹೊತ್ತಲ್ಲೇ ಈ ಕಾಟ. ಆ 12 ವೋಲ್ಟ್ ಸಪ್ಲೈ ನಾನೇ ಮಾಡಿಕೊಟ್ಟಿದ್ದು. ಹಾಗಾಗಿ ಅಪ್ಪ ಫೋನ್ ಮಾಡಿದಾಗ ಬೇರೆಯವರ ಮೇಲೆ ಹೇಳುವ ಹಾಗೂ ಇರಲಿಲ್ಲ. ಎರಡು ಶನಿವಾರ ಹಾಳಾದ ಮೇಲೆ ತಪ್ಪು ಸಿಕ್ಕಿತು. ಸಿಕ್ಕಿದ್ದು ಆರು ಚಿಲ್ಲರೆ ಮಿಲಿಮೀಟರ್ ಉದ್ದದ ಒಂದು ಶಂಟ್, ಅಂದರೆ ಕರೆಂಟ್ ಅಳೆಯಲು ಹಾಕುವ ರೆಸಿಸ್ಟರ್‌ನಲ್ಲಿ, ಮತ್ತೆ ಅದರ ಪಕ್ಕದ ಒಂಚೂರು ತಾಮ್ರದಲ್ಲಿ. ಆಮೇಲೆ ವಿಶೇ ಕಂಪನಿಯ ಡಬ್ಲ್ಯೂಎಸ್ಎಲ್2512 ತರಿಸಿ ಹಾಕಿದೆ. ಈ ರಿವ್ಯೂ ಮುಖ್ಯವಾಗಿ ಅದರದ್ದು. ಆದರೆ ಅದು ಯಾಕೆ ಒಳ್ಳೆಯದು ಅಂತ ಹೇಳಬೇಕಾದರೆ ಅದಕ್ಕೆ ಮೊದಲು ಹಾಕಿದ್ದರ ಕಥೆ ಹೇಳಲೇಬೇಕು.

ಮೊದಲು ಸರ್ಕ್ಯೂಟ್. ಇನ್ವರ್ಟರ್‌ನ ಲೆಡ್-ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ 14.4 ವೋಲ್ಟ್ ತನಕ ಹೋಗುತ್ತದೆ, ಖಾಲಿ ಆಗುವಾಗ 10.5ಕ್ಕೆ ಬರುತ್ತದೆ. ವೈರ್‌ನಲ್ಲಿ ಸ್ವಲ್ಪ ಬಿದ್ದು ಬೋರ್ಡಿಗೆ ಸಿಗುವುದು 10 ಅಂತ ಇಟ್ಟುಕೊಳ್ಳಿ. ನನಗೆ ಬೇಕಿದ್ದದ್ದು ಸರಿಯಾಗಿ 12 ವೋಲ್ಟ್. ರೂಟರ್, ಫೈಬರ್ ಡಬ್ಬ, ಡಿವಿಆರ್, ನಾಲ್ಕು ಕ್ಯಾಮೆರಾ, ಎರಡು ಎಲ್ಇಡಿ ದೀಪ ಎಲ್ಲ ಸೇರಿ ಜಾಸ್ತಿ ಅಂದರೆ 6 ಆಂಪಿಯರ್. ಇನ್‌ಪುಟ್ ಒಮ್ಮೆ ಔಟ್‌ಪುಟ್‌ಗಿಂತ ಮೇಲೆ, ಒಮ್ಮೆ ಕೆಳಗೆ. ಬರೀ ಬಕ್ (ವೋಲ್ಟೇಜ್ ಇಳಿಸುವುದು) ಆಗಲ್ಲ, ಬರೀ ಬೂಸ್ಟ್ (ಏರಿಸುವುದು) ಆಗಲ್ಲ. ಅದಕ್ಕೇ ವೇಗದ ಸ್ವಿಚ್‌ನಂತೆ ಕೆಲಸ ಮಾಡುವ ನಾಲ್ಕು ಮಾಸ್ಫೆಟ್‌ನ ಬಕ್-ಬೂಸ್ಟ್. ಅವನ್ನು ನಡೆಸುವ ಕಂಟ್ರೋಲರ್ ಚಿಪ್ ಎಲ್‌ಟಿ8390, ಇಂಡಕ್ಟರ್ (ತಂತಿಯ ಸುರುಳಿ) 6.8 ಮೈಕ್ರೋಹೆನ್ರಿ, ಸ್ವಿಚಿಂಗ್ 300 ಕಿಲೋಹರ್ಟ್ಸ್.

ಈ ಚಿಪ್‌ನಲ್ಲಿ ಶಂಟ್ ಕೂರುವುದು ಇಂಡಕ್ಟರ್ ಜೊತೆ ಸೀರೀಸ್‌ನಲ್ಲಿ. ಇಂಡಕ್ಟರ್‌ನಲ್ಲಿ ಹರಿಯುವ ಕರೆಂಟ್ ಎಷ್ಟು ಅಂತ ಚಿಪ್‌ಗೆ ಗೊತ್ತಾಗುವುದು ಆ ಶಂಟ್ ಮೇಲೆ ಬೀಳುವ ಮಿಲಿವೋಲ್ಟ್‌ನಿಂದ ಮಾತ್ರ. ಮಿತಿ 50 ಮಿಲಿವೋಲ್ಟ್. ಅಷ್ಟು ಬಂದ ತಕ್ಷಣ ಆ ಸೈಕಲ್‌ಗೆ ಸಾಕು ಅಂತ ನಿಲ್ಲಿಸುತ್ತದೆ. ಶಂಟ್ ಸುಳ್ಳು ಹೇಳಿದರೆ ಚಿಪ್ ಅದನ್ನೇ ನಂಬುತ್ತದೆ, ಬೇರೆ ದಾರಿ ಇಲ್ಲ.

ಲೆಕ್ಕ ಇಷ್ಟೇ. ಕಷ್ಟದ ಪರಿಸ್ಥಿತಿ ಅಂದರೆ ಬ್ಯಾಟರಿ ಇಳಿದಾಗಿನ ಬೂಸ್ಟ್. 12 ವೋಲ್ಟ್, 6 ಆಂಪಿಯರ್ ಅಂದರೆ 72 ವಾಟ್. 10 ವೋಲ್ಟ್‌ನಿಂದ ಅದನ್ನು ಕೊಡಬೇಕಾದರೆ 7.2 ಆಂಪಿಯರ್, ನಷ್ಟ ಸೇರಿಸಿದರೆ 7.6. ಅದರ ಮೇಲೆ ರಿಪಲ್, ಅಂದರೆ ಪ್ರತಿ ಸೈಕಲ್‌ನ ಏರಿಳಿತ, 0.8 ಆಂಪಿಯರ್, ಅದರಲ್ಲಿ ಅರ್ಧ ಮೇಲಕ್ಕೆ. ಪೀಕ್ 8 ಆಂಪಿಯರ್. 50 ಮಿಲಿವೋಲ್ಟ್‌ನ್ನು 8ರಿಂದ ಭಾಗಿಸಿದರೆ 6.2 ಮಿಲಿಓಮ್. ಅಷ್ಟನ್ನೇ ಹಾಕಿದರೆ ಉಸಿರಾಡಲೂ ಜಾಗ ಇರಲ್ಲ, ಅದಕ್ಕೇ 5 ಮಿಲಿಓಮ್ ತೆಗೆದುಕೊಂಡೆ. ಆಗ ಮಿತಿ 10 ಆಂಪಿಯರ್ ಆಯಿತು. ಇಂಡಕ್ಟರ್ 14 ಆಂಪಿಯರ್ ತನಕ ಸ್ಯಾಚುರೇಟ್ ಆಗದೇ, ಅಂದರೆ ಸೋಲದೇ, ಇರುವಂಥದ್ದು, ಅಲ್ಲೂ ನೆಮ್ಮದಿ. ಕಾಗದದ ಮೇಲೆ ಎಲ್ಲ ಸರಿ ಇತ್ತು.

ಬೋರ್ಡ್ ಬಂದ ದಿನ ಕೈಯಲ್ಲಿ 5 ಮಿಲಿಓಮ್ ಶಂಟ್ ಇರಲಿಲ್ಲ. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್ ಇರುವಾಗ ಯಾರು ನಾಲ್ಕು ದಿನ ಕಾಯುತ್ತಾರೆ? ಒಂದು ಅಂಗಡಿಯಲ್ಲಿ 2512 ಸೈಜಿನ, ಆರ್005 (ಅಂದರೆ 5 ಮಿಲಿಓಮ್) ಅಂತ ಪ್ರಿಂಟ್ ಇರುವ ರೆಸಿಸ್ಟರ್ ಸಿಕ್ಕಿತು. ಹತ್ತಕ್ಕೆ ಐವತ್ತು ರೂಪಾಯಿ. ಯಾವ ಕಂಪನಿ ಅಂತ ಕೇಳಿದರೆ ರೀಲ್ ತೋರಿಸಿದರು, ರೀಲ್ ಮೇಲೆ ಲೇಬಲ್ ಇರಲಿಲ್ಲ. ತಂದು ಹಾಕಿದೆ. ಬೆಂಚ್ ಮೇಲೆ ಹತ್ತು ನಿಮಿಷ ಓಡಿಸಿದಾಗ ಚೆನ್ನಾಗೇ ಓಡಿತು. ಡಬ್ಬಕ್ಕೆ ಹಾಕಿ ಊರಿಗೆ ಕೊಂಡುಹೋಗಿ ಕೂರಿಸಿ ಬಂದೆ.

ಆಮೇಲೆ ಆಗಿದ್ದು ಮೇಲೆ ಹೇಳಿದ್ದು.

ಡಬ್ಬ ವಾಪಸ್ ತಂದು, ಆ ಲಾಟ್‌ನಲ್ಲಿ ಉಳಿದ ಒಂದು ರೆಸಿಸ್ಟರ್ ತೆಗೆದುಕೊಂಡು ಅಳೆದೆ. ಮಲ್ಟಿಮೀಟರ್‌ನ ಓಮ್ ರೇಂಜ್‌ನಲ್ಲಿ ಇದನ್ನು ಅಳೆಯಲು ಹೋಗಬೇಡಿ, ಪ್ರೋಬ್‌ನ ವೈರ್‌ಗೇ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಓಮ್ ಇರುತ್ತದೆ. ಬೆಂಚ್ ಸಪ್ಲೈನಿಂದ ಸರಿಯಾಗಿ 5 ಆಂಪಿಯರ್ ಹರಿಸಿ, ಬೇರೆ ಎರಡು ತೆಳು ವೈರ್‌ನಿಂದ ರೆಸಿಸ್ಟರ್‌ನ ತುದಿಗಳ ಮೇಲೇ ಮಿಲಿವೋಲ್ಟ್ ಓದಬೇಕು. 25 ಬರಬೇಕಿತ್ತು. ಬಂದದ್ದು 29.1. ಅಂದರೆ 5.8 ಮಿಲಿಓಮ್. ಹಾಟ್ ಏರ್ ಗನ್ ದೂರದಿಂದ ಹಿಡಿದು, ಥರ್ಮೋಕಪಲ್ ಸುಮಾರು 100 ಡಿಗ್ರಿ ತೋರಿಸುವ ತನಕ ಬಿಸಿ ಮಾಡಿದೆ. ಮೀಟರ್ ನೋಡ್ತಾ ನೋಡ್ತಾ 31ಕ್ಕೆ ಹತ್ತಿತು. 6.2 ಮಿಲಿಓಮ್.

50ನ್ನು 6.2ರಿಂದ ಭಾಗಿಸಿ ನೋಡಿ. 8 ಆಂಪಿಯರ್. ನನಗೆ ಬೇಕಿದ್ದ ಪೀಕ್ ಸರಿಯಾಗಿ ಅಷ್ಟೇ. ಬ್ಯಾಟರಿ ಇಳಿದಾಗ, ಡಬ್ಬದ ಒಳಗೆ ಬಿಸಿ ಏರಿದಾಗ, ರಾತ್ರಿ ಐಆರ್ ಲೈಟ್ ಹತ್ತಿ ಲೋಡ್ ಜಾಸ್ತಿ ಆದಾಗ, ಮೂರೂ ಒಟ್ಟಿಗೆ ಬಂದ ಹೊತ್ತಿಗೆ ಚಿಪ್ ಮಿತಿಗೆ ತಾಗುತ್ತಿತ್ತು. ಔಟ್‌ಪುಟ್ ವೋಲ್ಟೇಜ್ ಜಗ್ಗುತ್ತಿತ್ತು, ಎಲ್ಲಕ್ಕಿಂತ ಮೊದಲು ಡಿವಿಆರ್ ಸಾಯುತ್ತಿತ್ತು. ಚಿಪ್ ತನ್ನ ಕೆಲಸ ಸರಿಯಾಗೇ ಮಾಡುತ್ತಿತ್ತು, ಪಾಪ.

ಒಂದು ರೆಸಿಸ್ಟರ್ ಬಿಸಿಗೆ ಇಷ್ಟು ಬದಲಾಗುವುದು ಯಾಕೆ ಅಂದರೆ, ಅದರೊಳಗಿನ ವಸ್ತು. ಶುದ್ಧ ತಾಮ್ರದ ಓಮ್ ಒಂದು ಡಿಗ್ರಿಗೆ ಸುಮಾರು 3900 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು) ಏರುತ್ತದೆ, ಅಂದರೆ ನೂರು ಡಿಗ್ರಿ ಬಿಸಿಯಾದರೆ ಹತ್ತಿರ ಹತ್ತಿರ ಶೇಕಡಾ 40. ತಾಮ್ರಕ್ಕೆ ಮ್ಯಾಂಗನೀಸ್, ನಿಕ್ಕಲ್ ಬೆರೆಸಿದರೆ ಈ ಚಟ ಬಹುಪಾಲು ಹೋಗುತ್ತದೆ. 1892ರಲ್ಲಿ ಎಡ್ವರ್ಡ್ ವೆಸ್ಟನ್ ಮಾಡಿದ ಮ್ಯಾಂಗನಿನ್ ಅನ್ನುವ ಲೋಹ ಅದೇ. ಸುಮಾರು ಶೇಕಡಾ 84 ತಾಮ್ರ, 12 ಮ್ಯಾಂಗನೀಸ್, ಉಳಿದದ್ದು ನಿಕ್ಕಲ್. ಅಳತೆಯ ಮೀಟರ್‌ಗಳಿಗೆ ಅಂತ ಹುಟ್ಟಿದ ಲೋಹ, ಇವತ್ತಿಗೂ ಒಳ್ಳೆ ಶಂಟ್‌ಗಳಲ್ಲಿ ಇದೇ ಜಾತಿಯ ಮಿಶ್ರಲೋಹಗಳು ಇವೆ. ಅಗ್ಗದ ಥಿಕ್ ಫಿಲ್ಮ್ ರೆಸಿಸ್ಟರ್‌ಗಳಲ್ಲಿ ಸೆರಾಮಿಕ್ ಮೇಲೆ ಒಂದು ಪೇಸ್ಟ್ ಬಳಿದು ಸುಟ್ಟಿರುತ್ತಾರೆ. ಸಾವಿರ ಓಮ್, ಹತ್ತು ಸಾವಿರ ಓಮ್‌ಗೆ ಅದು ಚಿನ್ನದಂಥ ವಸ್ತು. ಆದರೆ 5 ಮಿಲಿಓಮ್‌ಗೆ ಇಳಿದಾಗ ಪೇಸ್ಟ್‌ಗಿಂತ ತುದಿಯ ಲೋಹದ್ದೇ ಪಾಲು ಜಾಸ್ತಿ ಆಗಿ ಎಲ್ಲ ಕೆಡುತ್ತದೆ.

ಈಗ ಡಬ್ಲ್ಯೂಎಸ್ಎಲ್2512. ಅಧಿಕೃತ ವಿತರಕರಿಂದ ಹತ್ತು ತರಿಸಿದೆ, ಒಂದಕ್ಕೆ ಸುಮಾರು ಎಪ್ಪತ್ತು ರೂಪಾಯಿ ಬಿತ್ತು. ಐದು ರೂಪಾಯಿಯ ಸಾಮಾನಿನ ಪಕ್ಕ ಇಟ್ಟರೆ ದುಬಾರಿ, ನಿಜ. ಆದರೆ ಒಂದು ಬೋರ್ಡಿಗೆ ಬೇಕಾಗುವುದು ಒಂದೇ ಅಲ್ವಾ. ಕೈಗೆ ತೆಗೆದುಕೊಂಡ ಕೂಡಲೇ ವ್ಯತ್ಯಾಸ ಗೊತ್ತಾಗುತ್ತದೆ. ಸೆರಾಮಿಕ್ ಬಿಲ್ಲೆ ಅಲ್ಲ ಇದು. ಒಂದು ಗಟ್ಟಿ ಲೋಹದ ಪಟ್ಟಿ, ಎರಡು ತುದಿಗೆ ಟರ್ಮಿನಲ್ ವೆಲ್ಡ್ ಮಾಡಿದ್ದಾರೆ, ನಡುವೆ ಕಪ್ಪು ಕವಚ. ಪಕ್ಕದಿಂದ ಭೂತಕನ್ನಡಿ ಹಿಡಿದು ನೋಡಿದರೆ ಟರ್ಮಿನಲ್ ಕೆಳಗೆ ಬಾಗಿ ಪ್ಯಾಡ್ (ಬೋರ್ಡಿನಲ್ಲಿ ಬೆಸುಗೆ ಹಾಕುವ ತಾಮ್ರದ ಜಾಗ) ಮೇಲೆ ಅಗಲವಾಗಿ ಕೂರುವುದು ಕಾಣುತ್ತದೆ. ಬೆಸುಗೆ ಹಾಕುವಾಗ ಬೇಗ ಬಿಸಿ ಎಳೆದುಕೊಳ್ಳುತ್ತದೆ, ಸಣ್ಣ ತುದಿಯ ಐರನ್‌ನಿಂದ ಆಗಲ್ಲ. ಅಗಲ ತುದಿ, ಸ್ವಲ್ಪ ಫ್ಲಕ್ಸ್, ಮೂರು ಸೆಕೆಂಡ್.

ಅದೇ 5 ಆಂಪಿಯರ್ ಹರಿಸಿದೆ: 25.1 ಮಿಲಿವೋಲ್ಟ್. ಅದೇ ಹಾಟ್ ಏರ್, ಅದೇ 100 ಡಿಗ್ರಿ: 25.25. ಗನ್ ಹಿಡಿದುಕೊಂಡು ಇನ್ನೂ ಏರುತ್ತದೇನೋ ಅಂತ ಕಾದೆ. ಏರಲಿಲ್ಲ. ನಿಜ ಹೇಳುತ್ತೇನೆ, ಆ ಅಂಕಿ ಅಲ್ಲಾಡದೇ ನಿಂತಿದ್ದು ನೋಡಿ ತುಂಬಾ ಖುಷಿಯಾಯಿತು.

ಒಂದು ಎಚ್ಚರಿಕೆ. ಡೇಟಾಶೀಟ್‌ನ ಮೊದಲ ಪುಟದಲ್ಲಿ ಕಾಣುವ ಒಳ್ಳೆ ಪಿಪಿಎಂ ಅಂಕಿ ಎಲ್ಲ ಓಮ್‌ಗೂ ಅನ್ವಯ ಆಗಲ್ಲ. 10 ಮಿಲಿಓಮ್‌ಗೆ 75 ಪಿಪಿಎಂ ಇದ್ದರೆ, ಓಮ್ ಕಡಿಮೆ ಆದಂತೆ ಈ ಅಂಕಿ ಏರುತ್ತಾ ಹೋಗುತ್ತದೆ, ಯಾಕೆಂದರೆ ಒಟ್ಟು ಓಮ್‌ನಲ್ಲಿ ತಾಮ್ರದ ಟರ್ಮಿನಲ್‌ನ ಪಾಲು ದೊಡ್ಡದಾಗುತ್ತದೆ. ಇದು ಯಾವ ಕಂಪನಿಯ ಶಂಟ್‌ಗಾದರೂ ಅಷ್ಟೇ. ನಿಮಗೆ ಬೇಕಾದ ಓಮ್‌ನ ಸಾಲು ಹುಡುಕಿ ಓದಿ.

ವಾಟ್ ವಿಷಯ ಬೇಗ ಮುಗಿಸುತ್ತೇನೆ. 7.6 ಆಂಪಿಯರ್‌ನ ವರ್ಗ ಗುಣಿಸು 5 ಮಿಲಿಓಮ್, 0.29 ವಾಟ್. ಮಿತಿಯಲ್ಲೇ ಓಡಿದರೂ ಅರ್ಧ ವಾಟ್. ಡಬ್ಲ್ಯೂಎಸ್ಎಲ್2512 ಒಂದು ವಾಟ್‌ನದ್ದು, 70 ಡಿಗ್ರಿಯ ತನಕ ಪೂರ್ತಿ ತಾಳುತ್ತದೆ, ಅಲ್ಲಿಂದ 170 ಡಿಗ್ರಿಗೆ ಹೋಗುವಷ್ಟರಲ್ಲಿ ಸೊನ್ನೆಗೆ ಇಳಿಯುತ್ತದೆ. ನನಗೆ ಸಾಕು. ಜಾಗ ಉಳಿಸಲು ಚಿಕ್ಕ 1206 ಸೈಜಿನದ್ದು ಹಾಕಬಹುದಲ್ಲ ಅಂದರೆ, ಅಷ್ಟು ವಾಟ್ ತಾಳುವಂಥದ್ದು ಸಿಕ್ಕರೆ ಹಾಕಬಹುದು, ಆದರೆ ಪಕ್ಕದಲ್ಲೇ ಮಾಸ್ಫೆಟ್ ಬೇಯುತ್ತಿರುತ್ತದೆ ಅನ್ನುವುದು ನೆನಪಿರಲಿ. ಬಿಸಿಗೆ ನಿಮ್ಮ ಶಂಟ್ ಒಂದೇ ಕಾರಣ ಅಲ್ಲ.

ನಾನು ನಿಜವಾಗಿ ಬರೆಯಬೇಕು ಅಂತ ಕೂತಿದ್ದು ಇಂಡಕ್ಟನ್ಸ್ ಬಗ್ಗೆ, ಅಂದರೆ ಕರೆಂಟ್ ಬದಲಾಗುವುದಕ್ಕೆ ಅಡ್ಡ ಬರುವ ಗುಣದ ಬಗ್ಗೆ. ಓಮ್, ವಾಟ್, ಪರ್ಸೆಂಟ್ ಎಲ್ಲರೂ ನೋಡುತ್ತಾರೆ. ರೆಸಿಸ್ಟರ್‌ಗೂ ಒಂಚೂರು ಇಂಡಕ್ಟನ್ಸ್ ಇರುತ್ತದೆ, ಅದು ಬಕ್-ಬೂಸ್ಟ್‌ನಲ್ಲಿ ಎಷ್ಟು ಆಟ ಆಡಿಸುತ್ತದೆ ಅನ್ನುವುದು ಸ್ಕೋಪ್ (ವೋಲ್ಟೇಜ್‌ನ ಅಲೆ ತೋರಿಸುವ ಯಂತ್ರ) ಹಿಡಿಯುವ ತನಕ ನನಗೂ ಮನಸ್ಸಿಗೆ ಹತ್ತಿರಲಿಲ್ಲ. ಬೂಸ್ಟ್‌ನಲ್ಲಿ ಕೆಳಗಿನ ಮಾಸ್ಫೆಟ್ ಆನ್ ಆದ ಕ್ಷಣಕ್ಕೆ ಇಂಡಕ್ಟರ್ ಮೇಲಿನ ವೋಲ್ಟೇಜ್ ಒಮ್ಮೆಲೇ 12 ವೋಲ್ಟ್‌ನಷ್ಟು ಜಿಗಿಯುತ್ತದೆ. 12ನ್ನು 6.8 ಮೈಕ್ರೋಹೆನ್ರಿಯಿಂದ ಭಾಗಿಸಿದರೆ ಕರೆಂಟ್‌ನ ಓಟ ಮೈಕ್ರೋಸೆಕೆಂಡ್‌ಗೆ 1.76 ಆಂಪಿಯರ್‌ನಷ್ಟು ಬದಲಾಯಿತು ಅಂತ ಅರ್ಥ. ಇದೇ ಓಟ ಶಂಟ್‌ನಲ್ಲೂ ಇದೆ. ಶಂಟ್‌ನ ಪ್ರತಿ ಒಂದು ನ್ಯಾನೋಹೆನ್ರಿಗೆ 1.76 ಮಿಲಿವೋಲ್ಟ್‌ನ ಒಂದು ಮೆಟ್ಟಿಲು ಬರುತ್ತದೆ. ಮೂರು ನ್ಯಾನೋಹೆನ್ರಿ ಇದ್ದರೆ 5.3 ಮಿಲಿವೋಲ್ಟ್. 5 ಮಿಲಿಓಮ್ ಶಂಟ್‌ನಲ್ಲಿ ಅದು ಒಂದು ಆಂಪಿಯರ್‌ಗೆ ಸಮ. ಇಲ್ಲದ ಒಂದು ಆಂಪಿಯರ್ ಇದೆ ಅಂತ ಚಿಪ್ ತಿಳಿದುಕೊಳ್ಳುತ್ತದೆ! ಒಟ್ಟು ಮಿತಿಯೇ 50 ಮಿಲಿವೋಲ್ಟ್ ಇರುವಾಗ ಇದು ಹತ್ತು ಪರ್ಸೆಂಟ್‌ಗೂ ಮೇಲೆ. ಅಂಥದ್ದರಲ್ಲಿ ರೆಸಿಸ್ಟರ್ ಒಂದು ಪರ್ಸೆಂಟ್ ತಗೊಳ್ಳೋಣವಾ ಅರ್ಧ ಪರ್ಸೆಂಟಾ ಅಂತ ತಲೆ ಕೆಡಿಸಿಕೊಂಡು ಏನು ಪ್ರಯೋಜನ.

ಎರಡು ಪ್ರೋಬ್‌ಗಳನ್ನು ಶಂಟ್‌ನ ಎರಡು ತುದಿಗೆ ಹಿಡಿದು, ಎಸಿ ಕಪ್ಲಿಂಗ್‌ನಲ್ಲಿ, ಮ್ಯಾತ್ ಬಟನ್‌ನಿಂದ ಒಂದರಿಂದ ಇನ್ನೊಂದನ್ನು ಕಳೆದು ನೋಡಿದೆ. ಗರಗಸದ ಹಲ್ಲಿನಂಥ ಅಲೆ ನಿಧಾನವಾಗಿ ಹತ್ತಬೇಕು. ಎಸ್‌ಪಿ ರೋಡ್ ರೆಸಿಸ್ಟರ್‌ನಲ್ಲಿ ಹಲ್ಲಿನ ಬುಡದಲ್ಲೇ ನೆಟ್ಟಗೆ ಸುಮಾರು 9 ಮಿಲಿವೋಲ್ಟ್ ಗೋಡೆ, ಅದರ ಮೇಲಿಂದ ಇಳಿಜಾರು ಶುರು. ಡಬ್ಲ್ಯೂಎಸ್ಎಲ್‌ನಲ್ಲಿ ಗೋಡೆ 4 ಮಿಲಿವೋಲ್ಟ್ ಆಸುಪಾಸು. ಪೂರ್ತಿ ಹೋಗಲಿಲ್ಲ, ಹೋಗುವುದೂ ಇಲ್ಲ. ಡೇಟಾಶೀಟ್‌ನಲ್ಲೇ 0.5ರಿಂದ 5 ನ್ಯಾನೋಹೆನ್ರಿ ಅಂತ ಬರೆದಿದ್ದಾರೆ. ನನ್ನ ಬೋರ್ಡಿನ ಟ್ರೇಸ್‌ನ (ತಾಮ್ರದ ಗೆರೆಯ) ಪಾಲೂ ಅದರಲ್ಲಿ ಇದೆ.

ಉಳಿದ ಮೆಟ್ಟಿಲಿಗೆ ರೆಸಿಸ್ಟರ್, ಕೆಪಾಸಿಟರ್ ಸೇರಿಸಿದ ಒಂದು ಸಣ್ಣ ಆರ್‌ಸಿ ಫಿಲ್ಟರ್ ಹಾಕಿದೆ. ಸುಮ್ನೆ ಕೈಗೆ ಸಿಕ್ಕ ಕೆಪಾಸಿಟರ್ ಅಲ್ಲ. ಶಂಟ್‌ನ ಇಂಡಕ್ಟನ್ಸ್‌ನ್ನು ಅದರ ಓಮ್‌ನಿಂದ ಭಾಗಿಸಿದರೆ ಒಂದು ಸಮಯ ಬರುತ್ತದೆ, ಆ 4 ಮಿಲಿವೋಲ್ಟ್ ಗೋಡೆಯಿಂದ ಲೆಕ್ಕಕ್ಕೆ ಸಿಗುವ 2.3 ನ್ಯಾನೋಹೆನ್ರಿ, 5 ಮಿಲಿಓಮ್, ಅಂದರೆ 0.46 ಮೈಕ್ರೋಸೆಕೆಂಡ್. ಫಿಲ್ಟರ್‌ನ ಸಮಯವೂ ಅಷ್ಟೇ ಇದ್ದರೆ ಒಂದು ಇನ್ನೊಂದನ್ನು ಸರಿಯಾಗಿ ಅಳಿಸಿಹಾಕುತ್ತದೆ, ಉಳಿಯುವುದು ನಿಜವಾದ ಕರೆಂಟ್‌ನ ಆಕಾರ. ಎರಡೂ ಕಾಲಿಗೆ ಹತ್ತತ್ತು ಓಮ್, ನಡುವೆ 22 ನ್ಯಾನೋಫ್ಯಾರಡ್. 0.44 ಆಯಿತು. ಇದಕ್ಕಿಂತ ತುಂಬಾ ಜಾಸ್ತಿ ಹಾಕಿದರೆ ಅಲೆ ನೋಡಲು ಚೆಂದ ಕಾಣುತ್ತದೆ, ಆದರೆ ಚಿಪ್‌ಗೆ ಸುದ್ದಿ ತಡವಾಗಿ ಮುಟ್ಟುತ್ತದೆ, ಶಾರ್ಟ್ ಆದ ದಿನ ಅದು ಬೇಕಾಗಿರಲ್ಲ. ಬ್ಯಾಟರಿ 12ರ ಹತ್ತಿರ ಇರುವಾಗ, ಅಂದರೆ ಬಕ್ಕೂ ಅಲ್ಲದ ಬೂಸ್ಟೂ ಅಲ್ಲದ ನಡುವಿನ ಜಾಗದಲ್ಲಿ, ಮೊದಲು ಇಂಡಕ್ಟರ್‌ನಿಂದ ಜೀರುಂಡೆಯ ಹಾಗೆ ಸಣ್ಣ ಸದ್ದು ಬರುತ್ತಿತ್ತು. ಫಿಲ್ಟರ್ ಹಾಕಿದ ಮೇಲೆ ನಿಂತಿತು.

ಇದೇ ಕಾರಣಕ್ಕೆ ಬಿಳಿ ಸಿಮೆಂಟ್ ರೆಸಿಸ್ಟರ್ ಹಾಕುವವರಿಗೆ ಕೈಮುಗಿದು ಹೇಳುತ್ತೇನೆ, ಬೇಡ. 0.1 ಓಮ್, 5 ವಾಟ್, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಒಳಗೆ ಇರುವುದು ಸುರುಳಿ ಸುತ್ತಿದ ತಂತಿ, ಅಂದರೆ ಇನ್ನೊಂದು ಇಂಡಕ್ಟರ್. ಅದೂ ಅಲ್ಲದೆ 7.6 ಆಂಪಿಯರ್‌ಗೆ 0.1 ಓಮ್ ಅಂದರೆ 5.8 ವಾಟ್, ಸುಟ್ಟೇ ಹೋಗುತ್ತದೆ.

ಎಲ್‌ಟಿಸಿ3780 ಅನ್ನುವ ಬೇರೆ ಕಂಟ್ರೋಲರ್ ಇರುವ ರೆಡಿಮೇಡ್ ಬೋರ್ಡ್ ಇಟ್ಟುಕೊಂಡವರು ನನ್ನ 5 ಮಿಲಿಓಮ್ ನೋಡಿ ಹಾಗೇ ಹಾಕಬೇಡಿ. ಅದರ ಲೆಕ್ಕವೇ ಬೇರೆ. ಅಲ್ಲಿ ಶಂಟ್ ಇರುವುದು ಕೆಳಗಿನ ಎರಡು ಮಾಸ್ಫೆಟ್‌ಗಳಿಗೂ ಗ್ರೌಂಡ್‌ಗೂ ನಡುವೆ, ಬೂಸ್ಟ್‌ನಲ್ಲಿ 160 ಮಿಲಿವೋಲ್ಟ್ ಪೀಕ್, ಬಕ್‌ನಲ್ಲಿ 130 ಮಿಲಿವೋಲ್ಟ್ ತಳ ನೋಡುತ್ತದೆ. ಎರಡಕ್ಕೂ ಲೆಕ್ಕ ಹಾಕಿ ಕಡಿಮೆ ಬಂದದ್ದನ್ನು, ಅದರಲ್ಲೂ ಇನ್ನು ಇಪ್ಪತ್ತು-ಮೂವತ್ತು ಪರ್ಸೆಂಟ್ ಇಳಿಸಿ ಹಾಕಬೇಕು. ಅಲ್ಲಿ ಕರೆಂಟ್ ಶಂಟ್‌ನಲ್ಲಿ ಎಡೆಬಿಡದೆ ಹರಿಯಲ್ಲ, ತುಂಡು ತುಂಡಾಗಿ ಬರುತ್ತದೆ, ಕೆಲವು ನ್ಯಾನೋಸೆಕೆಂಡ್‌ನಲ್ಲಿ ಸೊನ್ನೆಯಿಂದ ಪೂರ್ತಿಗೆ. ಹಾಗಾಗಿ ಇಂಡಕ್ಟನ್ಸ್ ಕಡಿಮೆ ಇರುವ ಶಂಟ್ ಅಲ್ಲಿ ಇನ್ನೂ ಜಾಸ್ತಿ ಬೇಕು.

ಡಬ್ಲ್ಯೂಎಸ್ಎಲ್ ಬಗ್ಗೆ ಒಂದು ಕೊರತೆ ಹೇಳಲೇಬೇಕು: ಇದಕ್ಕೆ ಎರಡೇ ಕಾಲು. ಚಿಪ್‌ಗೆ ಆ ಮಿಲಿವೋಲ್ಟ್ ಒಯ್ಯುವ ಸೆನ್ಸ್ ಟ್ರೇಸ್ ಎಲ್ಲಿಂದ ತೆಗೆಯುತ್ತೀರಿ ಅನ್ನುವುದು ಪೂರ್ತಿ ನಿಮ್ಮ ಲೇಔಟ್ ಮೇಲೆ. ನನ್ನ ಮೊದಲ ಬೋರ್ಡಿನಲ್ಲಿ ಒಂದು ಕಡೆಯ ಟ್ರೇಸ್ ಪ್ಯಾಡ್‌ನಿಂದ ಹೊರಡದೆ, ಸ್ವಲ್ಪ ದೂರದ ಅಗಲ ತಾಮ್ರದಿಂದ ಹೊರಟಿತ್ತು. ಸ್ವಲ್ಪ ಅಂದರೆ ಒಂದು ಚೌಕದಷ್ಟು. ಆದರೆ 35 ಮೈಕ್ರಾನ್ ತಾಮ್ರದ ಒಂದು ಚೌಕಕ್ಕೆ ಅರ್ಧ ಮಿಲಿಓಮ್. 5ರಲ್ಲಿ ಅರ್ಧ, ಹತ್ತು ಪರ್ಸೆಂಟ್! ಅದೂ ಬಿಸಿಗೆ ಓಡುವ ತಾಮ್ರದ್ದು. ಎಪ್ಪತ್ತು ರೂಪಾಯಿ ಕೊಟ್ಟು ಮ್ಯಾಂಗನೀಸ್ ಲೋಹ ತಂದು, ಅದರ ಪಕ್ಕ ನಾನೇ ತಾಮ್ರ ಸೇರಿಸಿದ ಹಾಗಾಯಿತು. ಬ್ಲೇಡ್‌ನಿಂದ ಆ ಟ್ರೇಸ್ ಕತ್ತರಿಸಿ, ತೆಳು ಎನಾಮಲ್ ತಂತಿಯನ್ನು ಎರಡು ಪ್ಯಾಡ್‌ಗಳ ಒಳ ಅಂಚಿಗೆ, ರೆಸಿಸ್ಟರ್‌ನ ಹೊಟ್ಟೆಯ ಕೆಳಗೆ ಬರುವ ಹಾಗೆ ಬೆಸೆದೆ. ಕರೆಂಟ್ ಹೊರ ಅಂಚಿನಿಂದ ಬರಲಿ, ಸೆನ್ಸ್ ಒಳ ಅಂಚಿನಿಂದ ಹೊರಡಲಿ, ಎರಡು ಟ್ರೇಸ್ ಜೊತೆಜೊತೆಗೆ ಚಿಪ್ ತನಕ ಹೋಗಲಿ. ಅಳೆದರೆ ಮಿತಿ 9.1 ಆಂಪಿಯರ್ ಇದ್ದದ್ದು 9.9ಕ್ಕೆ ಬಂತು.

ಈ ತಲೆನೋವೇ ಬೇಡ ಅನ್ನುವವರಿಗೆ ಅದೇ ಕಂಪನಿಯ ಡಬ್ಲ್ಯೂಎಸ್‌ಕೆ2512 ಇದೆ, ನಾಲ್ಕು ಕಾಲಿನದ್ದು, ಕರೆಂಟ್‌ಗೆ ಎರಡು, ಸೆನ್ಸ್‌ಗೆ ಎರಡು. ಒಂದನ್ನು ತರಿಸಿ ಹಾಕಿ ನೋಡಿದೆ. ಸೆನ್ಸ್ ಕಾಲು ಸಣ್ಣವು, ಕೈಯಿಂದ ಬೆಸುಗೆ ಹಾಕುವಾಗ ಪಕ್ಕದ ದೊಡ್ಡ ಪ್ಯಾಡ್‌ಗೆ ಸೇತುವೆ ಆಗದ ಹಾಗೆ ನೋಡಿಕೊಳ್ಳಬೇಕು, ಆದರೆ ಸೇತುವೆ ಇಲ್ಲದಿದ್ದರೆ ಅಂಕಿ ಮೊದಲ ಸಲಕ್ಕೇ ಸರಿ. ಬೆಲೆ ಸ್ವಲ್ಪ ಜಾಸ್ತಿ. 3 ಮಿಲಿಓಮ್‌ಗಿಂತ ಕೆಳಗೆ ಹೋಗುವುದಾದರೆ ನನ್ನ ಪ್ರಕಾರ ಇದನ್ನೇ ತಗೊಳ್ಳಿ, 10 ಮಿಲಿಓಮ್‌ಗೆ ಬೇಕಾಗಿಲ್ಲ.

ಔಟ್‌ಪುಟ್ ಕಡೆ ಇನ್ನೊಂದು ಶಂಟ್ ಇದೆ, ಒಟ್ಟು ಲೋಡ್ ಮಿತಿಗೆ. ಅಲ್ಲಿ ಚಿಪ್ ನೋಡುವುದು 100 ಮಿಲಿವೋಲ್ಟ್. 25 ಮಿಲಿಓಮ್‌ನ ಎರಡು ಡಬ್ಲ್ಯೂಎಸ್ಎಲ್ ಪ್ಯಾರಲಲ್ ಹಾಕಿದೆ, 12.5 ಆಯಿತು, ಮಿತಿ 8 ಆಂಪಿಯರ್. ಆ ಮಿತಿಯಲ್ಲಿ 0.8 ವಾಟ್, ಎರಡಕ್ಕೂ ಹಂಚಿಹೋಗುತ್ತದೆ. ಒಂದರಲ್ಲೇ ಮಾಡಲು ಹೋಗಿದ್ದರೆ ಬಿಸಿ ಡಬ್ಬದಲ್ಲಿ ಅದು ಒದ್ದಾಡುತ್ತಿತ್ತು. ಇಲ್ಲಿ ಕರೆಂಟ್ ಬಹುತೇಕ ನೇರ, ಇಂಡಕ್ಟನ್ಸ್ ಚಿಂತೆ ಇಲ್ಲ.

ಹೊಸ ಶಂಟ್, ಹೊಸ ತಂತಿ, ಫಿಲ್ಟರ್ ಹಾಕಿದ ಡಬ್ಬ ಊರಿಗೆ ಹೋಗಿ ಒಂದು ಪೂರ್ತಿ ಮಳೆಗಾಲ ಆಯಿತು. ಒಂದು ರಾತ್ರಿ ಬ್ಯಾಟರಿ 10.6ಕ್ಕೆ ಬಂದು ಇನ್ವರ್ಟರ್ ಕೈಕೊಟ್ಟಿತಂತೆ, ಡಿವಿಆರ್ ಓಡುತ್ತಲೇ ಇತ್ತು ಅಂತ ಅಪ್ಪ ಹೇಳಿದರು. ಲೇಬಲ್ ಇಲ್ಲದ ಆ ಎಂಟು ರೆಸಿಸ್ಟರ್ ಇನ್ನೂ ನನ್ನ ಡ್ರಾಯರ್‌ನಲ್ಲಿವೆ, ಕವರ್ ಮೇಲೆ "5.8, ಬಿಸಿಗೆ 6.2" ಅಂತ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೇನೆ. ಎರಡನೇ ಬೋರ್ಡಿನ ಲೇಔಟ್ ನಡೆಯುತ್ತಿದೆ, ಅದರಲ್ಲಿ ನಾಲ್ಕು ಕಾಲಿನ ಶಂಟ್‌ಗೂ ಎರಡು ಕಾಲಿನ ಶಂಟ್‌ಗೂ ಒಂದೇ ಜಾಗದಲ್ಲಿ ಪ್ಯಾಡ್ ಕೊಡುತ್ತಿದ್ದೇನೆ. ಆ ಪ್ಯಾಡ್‌ಗಳ ನಕ್ಷೆ (ಫುಟ್‌ಪ್ರಿಂಟ್) ಬೇಕಿದ್ದವರು ಕೇಳಿ, ಕೊಡುತ್ತೇನೆ.